ನಾಹೂರ್ ಬಿಟ್ಟುಹೋಯಿತು

ಎರಡು ದಿನ ಮಗ ನನ್ನ ಜೊತೆ ಮಾತು ಬಿಟ್ಟಿದ್ದ. ಏಳು ವರ್ಷದ ಹುಡುಗ. ತಿಂಡಿ ಬೇಕಾದರೆ ಅಪ್ಪನನ್ನು ಕೇಳುತ್ತಿದ್ದ. ನಾನು ಹತ್ತಿರ ಹೋದರೆ ಗೋಡೆ ಕಡೆ ತಿರುಗುತ್ತಿದ್ದ. ಮೂರನೇ ದಿನ ಬಾಯಿ ಬಿಟ್ಟ. "ನೋವೇ ಆಗಲ್ಲ ಅಂದಿದ್ದೆ. ಸುಳ್ಳು ಹೇಳಿದೆ."

ಆಗಿದ್ದು ಇಷ್ಟು. ಕೆಳಗಿನ ದವಡೆಯ ಹಲ್ಲಿಗೆ ಹುಳುಕು ಹತ್ತಿ ನರದವರೆಗೆ ಇಳಿದಿತ್ತು. ರಾತ್ರಿ ಎದ್ದು ಕೂತು ಅಳುತ್ತಿದ್ದ. ಸಾಗರದಿಂದ ಅಮ್ಮ ಫೋನಿನಲ್ಲಿ "ಹಾಲು ಹಲ್ಲು ತಾನೆ, ಬಿದ್ದುಹೋಗ್ತದೆ ಬಿಡು" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಿಂದಿನ ಹಾಲು ಹಲ್ಲುಗಳು ಬೀಳುವುದು ಹತ್ತು ಹನ್ನೆರಡು ವರ್ಷಕ್ಕಂತೆ. ಅಲ್ಲಿಯವರೆಗೆ ಹೊಸ ಹಲ್ಲಿಗೆ ಜಾಗ ಹಿಡಿದಿಡುವುದು ಅವೇ. ಸರಿ, ಮನೆಗೆ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಹಲ್ಲಿನ ಕ್ಲಿನಿಕ್‌ಗಳಿಗೇನು ಬರವೇ!

ಅಲ್ಲಿ ಜಾಸ್ತಿ ಮಾತಿಲ್ಲ. ಕುರ್ಚಿ ಮೇಲೆ ಮಲಗಿಸಿದರು. ಸಹಾಯಕಿ ಕಾಲು ಹಿಡಿದಳು, ನಾನು ಕೈ ಹಿಡಿದೆ. "ನೋವೇ ಆಗಲ್ಲ ಪುಟ್ಟ" ಅಂತ ಹೇಳುತ್ತಲೇ ಇದ್ದೆ. ಸೂಜಿ ಒಳಗೆ ಹೋಯಿತು, ಔಷಧಿಯನ್ನು ಒಂದೇ ಸಲಕ್ಕೆ ಒತ್ತಿದರು. ಅವನು ಕೊಸರಿಕೊಂಡ. ಸೂಜಿ ಹೊರಗೆ ಬಂತು, ಉಳಿದ ಔಷಧಿ ನಾಲಿಗೆ ಮೇಲೆ ಚೆಲ್ಲಿ ಕಹಿ ಕಹಿ. ಅಷ್ಟಕ್ಕೇ ಮುಗಿಯಿತು. ಹಲ್ಲು ಹಾಗೇ ಇತ್ತು. ಅವನ ಕೈ ಮೇಲೆ ನನ್ನ ಬೆರಳಿನ ಗುರುತು.

ಡಾಕ್ಟರನ್ನಷ್ಟೇ ಬೈದು ಪ್ರಯೋಜನವಿಲ್ಲ. ಊಟ ಮಾಡದಿದ್ದರೆ "ಡಾಕ್ಟರ್ ಹತ್ರ ಹೋಗಿ ಸೂಜಿ ಚುಚ್ಚಿಸ್ತೀನಿ" ಅಂತ ವರ್ಷಗಟ್ಟಲೆ ಹೆದರಿಸಿದವಳು ನಾನು. ಆಮೇಲೆ ಅದೇ ಸೂಜಿಯ ಮುಂದೆ ಕೂರಿಸಿ "ಏನೂ ಆಗಲ್ಲ" ಅಂದರೆ ಯಾರು ನಂಬುತ್ತಾರೆ?

ಕಟ್ಟಡದ ಗೆಳತಿಯೊಬ್ಬಳು ಮುಲುಂಡ್‌ನಲ್ಲಿರುವ ಮಕ್ಕಳ ಹಲ್ಲಿನ ಡಾಕ್ಟರ್ ಬಗ್ಗೆ ಹೇಳಿದಳು. ಡಾಕ್ಟರ್ ನನ್ನ ವಯಸ್ಸಿನ ಮರಾಠಿ ಹೆಂಗಸು. ಮೊದಲ ದಿನ ಅವರು ಹಲ್ಲು ಮುಟ್ಟಲೇ ಇಲ್ಲ. ಕುರ್ಚಿ ಮೇಲೆ ಕೆಳಗೆ ಮಾಡಿ ತೋರಿಸಿದರು. ಗಾಳಿ ಊದುವ ಪೈಪನ್ನು ಅವನ ಅಂಗೈ ಮೇಲೆ ಬಿಟ್ಟರು. ಏನು ಮಾಡುತ್ತೇನೆ ಅಂತ ಹೇಳುವುದು, ತೋರಿಸುವುದು, ಆಮೇಲೆ ಮಾಡುವುದು. 1959ರಿಂದಲೂ ಮಕ್ಕಳ ಹಲ್ಲಿನ ಡಾಕ್ಟರುಗಳು ಕಲಿಯುತ್ತಾ ಬಂದ ಪಾಠವಂತೆ ಇದು.

ಮಗ ನೇರವಾಗಿ ಕೇಳಿದ, "ಸೂಜಿ ಇದೆಯಾ?" ನಾನು ಉಸಿರು ಬಿಗಿಹಿಡಿದೆ. ಅವರು "ಇದೆ" ಅಂದರು. ಹಲ್ಲಿಗೆ ನಿದ್ದೆ ಬರಿಸುವ ಔಷಧಿ ಹಾಕಬೇಕು, ಆಗ ಸ್ವಲ್ಪ ಚಿವುಟಿದ ಹಾಗೆ ಆಗುತ್ತದೆ, ಎಷ್ಟು ಹೊತ್ತು ಅಂತ ನಾನು ಹೇಳುತ್ತೇನೆ, ಅಂದರು. ಚಿವುಟುವುದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ ಅಂತ ನನ್ನನ್ನು ಕೇಳಿ, "ಚಿವುಟ್, ಚಿವುಟ್" ಅಂತ ಎರಡು ಸಲ ಹೇಳಿ ಕಲಿತರು. ಮಗ ನಕ್ಕ.

ಎಡಗೈ ಎತ್ತಿದರೆ ನಾನು ನಿಲ್ಲಿಸುತ್ತೇನೆ ಅಂತಲೂ ಮಾತು ಕೊಟ್ಟರು. ಇವನು ಬಿಡುವವನೇ? ಬರೀ ಕನ್ನಡಿ ಬಾಯಿಗೆ ಇಟ್ಟಾಗಲೇ ಕೈ ಎತ್ತಿದ. ನಿಲ್ಲಿಸಿದರು. ಮತ್ತೆ ಎತ್ತಿದ. ಮತ್ತೆ ನಿಲ್ಲಿಸಿದರು. ಮೂರನೇ ಸಲವೂ ನಿಲ್ಲಿಸಿದ ಮೇಲೆ ಅವನ ಭುಜ ಸಡಿಲವಾಗಿದ್ದು ನನಗೆ ಕಾಣಿಸಿತು.

ನನಗೂ ಪಾಠ ಇತ್ತು. "ಆಯಿ, ನೀವು 'ನೋವಾಗ್ತಿದೆಯಾ' ಅಂತ ಕೇಳಬೇಡಿ. 'ಅಳಬೇಡ' ಅನ್ನಬೇಡಿ. ಬಗ್ಗಿ ನೋಡಬೇಡಿ. ಅವನಿಗೆ ಏನಿಷ್ಟ ಹೇಳಿ."

ಟ್ರೇನ್ ಅಂದೆ. ನಮ್ಮ ಅಡುಗೆಮನೆ ಕಿಟಕಿಯಿಂದ ಹಳಿ ಕಾಣುತ್ತದೆ. ಮುಂಬೈನ ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗಿನ ಸ್ಟೇಷನ್‌ಗಳೆಲ್ಲ ಅವನಿಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತವೆ. ಬಾಯಿ ತೆರೆದಿರುವಾಗ ಅವನು ಹೇಳುವುದಕ್ಕಾಗುವುದಿಲ್ಲ, ಆದ್ದರಿಂದ ನಾನು ಹೇಳಬೇಕು. ತಪ್ಪಿದರೆ ಅವನು ಬಲಗೈ ಹೆಬ್ಬೆರಳು ಎತ್ತಬೇಕು. ನಿಲ್ಲಿಸಲು ಎಡಗೈ, ಅಮ್ಮನ ತಪ್ಪಿಗೆ ಬಲಗೈ. ಹೀಗೆ ಒಪ್ಪಂದವಾಯಿತು.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆವು. ಸ್ಲೋ ಲೋಕಲ್ಲೇ ಬೇಕು ಅಂದ, ಅದರಲ್ಲೇ ಹೋದೆವು.

ಡಾಕ್ಟರ್ ಮೊದಲು ಒಳಗಿನ ಒಸಡನ್ನು ಹತ್ತಿ ಬಟ್ಟೆಯಿಂದ ಒರೆಸಿ ಒಣಗಿಸಿದರು. ಒದ್ದೆ ಇದ್ದರೆ ಮರಗಟ್ಟಿಸುವ ಜೆಲ್ ಎಂಜಲಿನ ಜೊತೆ ಹರಿದುಹೋಗುತ್ತದೆ. ಜೆಲ್ ಹಚ್ಚಿ ಎರಡು ನಿಮಿಷ ಕಾದರು. ಈ ಎರಡು ನಿಮಿಷವೇ ಮುಖ್ಯ, ಹಚ್ಚಿದ ಕೂಡಲೇ ಚುಚ್ಚಿದರೆ ಹಚ್ಚಿಯೂ ಹಚ್ಚದ ಹಾಗೆ ಅಂದರು. ಅದು ಮರಗಟ್ಟಿಸುವುದು ಮೇಲಿನ ಪದರವನ್ನು ಮಾತ್ರ, ಎರಡು ಮೂರು ಮಿಲಿಮೀಟರ್. ಸೂಜಿ ಹೋಗಬೇಕಾದ್ದು ಅದಕ್ಕಿಂತ ಆಳಕ್ಕೆ. ಅಷ್ಟು ಹೊತ್ತೂ ಎ.ಸಿ. ರೂಮಿನ ತಣ್ಣಗಿನ ಔಷಧಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು.

ಕೆಲಸ ಮುಗಿದ ಮೇಲೆ ನಾನು ಕೇಳಿ ತಿಳಿದುಕೊಂಡಿದ್ದು ಇನ್ನೊಂದಿದೆ. ಸೂಜಿಯ ಮೊನೆಗಿಂತ ಜಾಸ್ತಿ ಉರಿಸುವುದು ಔಷಧಿಯೇ. ಮರಗಟ್ಟಿಸುವ ಲಿಗ್ನೊಕೇನ್ ಜೊತೆಗಿರುವ ಅಡ್ರಿನಲಿನ್ ಕೆಡಬಾರದು ಅಂತ ಅದನ್ನು ಸ್ವಲ್ಪ ಆಮ್ಲವಾಗಿಯೇ ಇಟ್ಟಿರುತ್ತಾರೆ. ಅದನ್ನು ರಭಸದಿಂದ ಒತ್ತಿದರೆ ಒಳಗಿನ ಮಾಂಸ ಹಿಗ್ಗುತ್ತದೆ. ಆ ಹಿಗ್ಗುವುದೇ ನೋವು. ಒಂದು ಮಿಲಿಲೀಟರ್‌ಗೆ ಒಂದು ನಿಮಿಷ ಅನ್ನುವುದು ಲೆಕ್ಕ. ಆ ಮೊದಲ ಕ್ಲಿನಿಕ್‌ನಲ್ಲಿ ಐದು ಸೆಕೆಂಡೂ ಆಗಿರಲಿಲ್ಲ.

"ಶುರು ಮಾಡಿ, ಆಯಿ."

"ಡೊಂಬಿವಲಿ, ಕೋಪರ್, ದಿವಾ..." ಅಂದೆ. ಡಾಕ್ಟರ್ ಒಂದು ಕೈಯಲ್ಲಿ ಅವನ ಕೆನ್ನೆಯನ್ನು ಬಿಗಿಯಾಗಿ ಎಳೆದು ಮೆಲ್ಲಗೆ ಅಲುಗಾಡಿಸುತ್ತಿದ್ದರು. ಇನ್ನೊಂದು ಕೈ ಅವನ ಗಲ್ಲದ ಕೆಳಗಿನಿಂದ ಬಂತು. ನನಗೇ ಸೂಜಿ ಕಾಣಿಸಲಿಲ್ಲ. ಮುಂಬ್ರಾ ಬೇಕೆಂದೇ ಬಿಟ್ಟು "ಕಳವಾ" ಅಂದೆ. ಬಲಗೈ ಹೆಬ್ಬೆರಳು ಸಿಟ್ಟಿನಿಂದ ಮೇಲೆದ್ದಿತು. ಅಷ್ಟರಲ್ಲಿ ಸೂಜಿ ಒಳಗಿತ್ತು.

ಮೊಣಕೈಗೆ ಏಟು ಬಿದ್ದರೆ ನಾವು ಸುಮ್ನೆ ಉಜ್ಜಿಕೊಳ್ಳುತ್ತೇವಲ್ಲ, ಕೆನ್ನೆ ಅಲುಗಿಸುವುದೂ ಅದೇ ಕೆಲಸ. ಮುಟ್ಟಿದ, ಅಲುಗಿದ ಸುದ್ದಿ ಜೋರಾಗಿದ್ದರೆ ನೋವಿನ ಸುದ್ದಿಗೆ ದಾರಿಯಲ್ಲೇ ಬಾಗಿಲು ಅರ್ಧ ಮುಚ್ಚುತ್ತದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬಿಬ್ಬರು ವಿಜ್ಞಾನಿಗಳು ಹೇಳಿದ್ದು ಇದನ್ನೇ. ನಮ್ಮ ಅಜ್ಜಿಯರು ಬಿದ್ದ ಮಗುವಿನ ಮಂಡಿ ಉಜ್ಜಿ ಉಫ್ ಅಂತ ಊದುತ್ತಿದ್ದದ್ದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ ಅಷ್ಟೆ.

"ಮುಂಬ್ರಾ, ಕಳವಾ, ಠಾಣೆ, ಮುಲುಂಡ್, ಭಾಂಡುಪ್..." ಅವನ ಹುಬ್ಬು ಗಂಟಿಕ್ಕಿತು. ಎಡಗಣ್ಣಿನಿಂದ ಒಂದೇ ಒಂದು ಹನಿ ಕಿವಿ ಕಡೆಗೆ ಇಳಿಯಿತು. ನನ್ನ ಬಾಯಿಗೆ "ನೋವಾಗ್ತಿದೆಯಾ" ಬಂದೇಬಿಟ್ಟಿತ್ತು, ನುಂಗಿದೆ. ಅವನ ಹೆಬ್ಬೆರಳು ಮತ್ತೆ ಎದ್ದಿತ್ತು. ಯಾಕೆ ಅಂತ ನನಗೆ ಹೊಳೆಯಲಿಲ್ಲ. ಅವನು ಅದನ್ನು ಅಲ್ಲಾಡಿಸುತ್ತಲೇ ಇದ್ದ. ಡಾಕ್ಟರೇ ಮೆಲ್ಲಗೆ "ನಾಹೂರ್" ಅಂದರು. ಈ ಸಲ ನಿಜವಾಗಿಯೂ ಮರೆತಿದ್ದೆ.

ವಿಕ್ರೋಲಿ ಬರುವಷ್ಟರಲ್ಲಿ ಡಾಕ್ಟರ್ "ಮುಗೀತು" ಅಂದರು. ಎಡಗೈ ಹೊಟ್ಟೆ ಮೇಲೆ ಹಾಗೇ ಮಲಗಿತ್ತು.

ಬಾಯಿ ಮುಕ್ಕಳಿಸಿ ಅವನು ಹೇಳಿದ ಮೊದಲ ಮಾತು, "ಚಿವುಟಿದ ಹಾಗೆ ಅಲ್ಲ. ಚಗಳಿ ಕಚ್ಚಿದ ಹಾಗೆ." ಸಾಗರದ ಅಜ್ಜಿ ಮನೆಯ ಮಾವಿನ ಮರದಲ್ಲಿ ಚಗಳಿ ಕಚ್ಚಿಸಿಕೊಂಡವನು, ಅಳತೆ ಅವನಿಗೆ ಗೊತ್ತು. ನಾನು ಕೆಂಪಿರುವೆ ಅಂತ ಹಿಂದಿಯಲ್ಲಿ ವಿವರಿಸಿದೆ. ಡಾಕ್ಟರ್ ತಲೆಯಾಡಿಸಿ, "ಹಾಗಾದ್ರೆ ಮುಂದಿನ ಸಲ ಚಗಳಿ ಅಂತಲೇ ಹೇಳ್ತೀನಿ" ಅಂದರು.

ನರದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅದನ್ನು ಹೇಳುವಂಥದ್ದೇನಿಲ್ಲ. ಅರ್ಧ ಹೊತ್ತು ಅವನು ತೂಕಡಿಸುತ್ತಿದ್ದ.

ಕಾಯಬೇಕಾಗಿದ್ದು ಆಮೇಲೆ. ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ. ಗೊತ್ತಾಗದೆ ಮಕ್ಕಳು ಅದನ್ನು ಜಗಿದುಬಿಡುತ್ತವೆ, ಮಾರನೇ ದಿನ ತುಟಿ ಊದಿ ಹುಣ್ಣು. ಇವನು ಟ್ರೇನಿನಲ್ಲಿ ಪದೇ ಪದೇ ತುಟಿ ಮುಟ್ಟಿಕೊಂಡು "ಅಮ್ಮಾ, ಬೋಂಡಾ ಆಗಿದೆ" ಅನ್ನುತ್ತಿದ್ದ. ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿ, ಏನೂ ಊದಿಲ್ಲ ನೋಡು ಅಂದೆ. ನಂಬಲಿಲ್ಲ. ಸ್ಟೇಷನ್ ಹೊರಗೆ ವಡಾಪಾವ್ ಘಮ ಬಂದಾಗ ಹಟ ಹಿಡಿದ. ಐದು ಗಂಟೆಯ ಮೇಲೆ ಕೊಡಿಸುತ್ತೇನೆ ಅಂದೆ. ಗಡಿಯಾರ ನೋಡಿ, "ಸುಳ್ಳಲ್ಲ ತಾನೆ?" ಅಂದ. ಐದೂ ಐದಕ್ಕೆ ಮತ್ತೆ ಕೆಳಗಿಳಿದು ಹೋಗಿ ತಂದೆ.

ಬರುವ ಶನಿವಾರ ಆ ಹಲ್ಲಿಗೆ ಸ್ಟೀಲ್ ಕ್ಯಾಪ್ ಕೂರಿಸಬೇಕು. ಮತ್ತೆ ಒಂದು ಚಗಳಿ ಇದೆ, ಅವನಿಗೆ ಹೇಳಿದ್ದೇನೆ. ಸೆಂಟ್ರಲ್ ಲೈನ್ ಬೇಡ, ಈ ಸಲ ವೆಸ್ಟರ್ನ್ ಹೇಳು ಅಂದಿದ್ದಾನೆ. ವಿರಾರ್‌ನಿಂದ ಚರ್ಚ್‌ಗೇಟ್. ದಿನಸಿ ಬಿಲ್ಲಿನ ಹಿಂದೆ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ವಸಯಿ ರೋಡ್ ಆದ ಮೇಲೆ ನಾಯಗಾಂವ್, ಆಮೇಲೆ ಭಾಯಂದರ್, ಮೀರಾ ರೋಡ್...