ಕಿವಿಗೆ ಸಿಗದ ಟೈಮಿಂಗ್

ಡೆಟ್ರಾಯಿಟ್‌ನ ಹೊರವಲಯದಲ್ಲಿ ನಾವು ಓಡಿಸುತ್ತಿರುವ ಹಳೆಯ ಕಾರು ಮೂರು ಲೀಟರಿನ, ಆರು ಸಿಲಿಂಡರಿನದು. ಕಳೆದ ಚಳಿಗಾಲದಿಂದ ಅದು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಜೀರುಂಡೆಯಂತೆ ಕಿರುಗುಟ್ಟುತ್ತಿತ್ತು. ಬೆಲ್ಟಿನ ಸದ್ದೆಂದು ಭಾವಿಸಿ ಬೆಲ್ಟ್ ಬದಲಿಸಿದ್ದು ದಂಡವಾಯಿತು. ಮಾರ್ಚಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡು ಸ್ಕ್ಯಾನರ್ ಪಿ0340 (ಕ್ಯಾಮ್‌ಶಾಫ್ಟ್ ಸೆನ್ಸರಿನ ದೋಷದ ಸಂಕೇತ) ಎಂದು ತೋರಿಸಿದಾಗಲೇ, ಕೂಗುತ್ತಿರುವುದು ಆ ಸೆನ್ಸರಿನ ಕೆಳಗಿದ್ದು, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಗೇರಿನಿಂದ ತಿರುಗುವ ಸಿಂಕ್ರೊನೈಸರ್ ಎಂದು ತಿಳಿದದ್ದು. ವರ್ಕ್‌ಶಾಪಿನವರು ಹೇಳಿದ ಕೂಲಿ ಬಿಡಿಭಾಗದ ಬೆಲೆಗಿಂತ ಬಹಳ ಹೆಚ್ಚಿದ್ದುದರಿಂದ ನಾನೇ ಕೈಹಾಕಿದೆ.

ಹಿಂದಿನ ಎಂಜಿನ್ನುಗಳಲ್ಲಿ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಇರುತ್ತಿದ್ದ ಜಾಗ ಇದರದು. ಶಿವಮೊಗ್ಗದಲ್ಲಿ ನಮ್ಮ ಅಂಬಾಸಿಡರ್ ಕಾರಿನ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಮೇಸ್ತ್ರಿಯವರು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದಿಗೆ ಕಿವಿಗೊಟ್ಟೇ ಹೊಂದಿಸುತ್ತಿದ್ದರು. ಇಲ್ಲಿ ಆ ವಿದ್ಯೆ ನಡೆಯದು. ಕಿಡಿ ಯಾವಾಗ ಹಾರಬೇಕೆಂಬುದನ್ನು ಕಂಪ್ಯೂಟರ್, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಸೆನ್ಸರಿನ ಆಧಾರದಿಂದ ನಿರ್ಧರಿಸುತ್ತದೆ. ಕ್ಯಾಮ್ ಸೆನ್ಸರ್ ತಿಳಿಸುವುದು ಮೊದಲನೆಯ ಸಿಲಿಂಡರಿನ ಸರದಿಯನ್ನು ಮಾತ್ರ, ಪೆಟ್ರೋಲ್ ಸಿಂಪಡಿಸುವ ಕ್ರಮ ಅದನ್ನು ಅವಲಂಬಿಸಿದೆ. ಆದ್ದರಿಂದ ಅದನ್ನು ತಪ್ಪಾಗಿ ಕೂರಿಸಿದರೂ ಎಂಜಿನ್ ಓಡಬಹುದು, ಕಿವಿಗೆ ಏನೂ ತಿಳಿಯದೆಯೂ ಇರಬಹುದು. ಇನ್ನೊಂದು ಅಪಾಯವೂ ಇದೆ: ಇದೇ ಶಾಫ್ಟಿನ ತುದಿ ಕೆಳಗಿನ ಆಯಿಲ್ ಪಂಪನ್ನು ತಿರುಗಿಸುವುದರಿಂದ, ಒಣಗಿದ ಬುಷ್ ಕಚ್ಚಿಕೊಂಡರೆ ಎಂಜಿನ್ನಿಗೆ ಆಯಿಲ್ ಸಿಗುವುದೇ ನಿಲ್ಲುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಮೊದಲನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ರಂಧ್ರವನ್ನು ಮಗನ ಬೆರಳಿನಿಂದ ಮುಚ್ಚಿಸಿ ಕ್ರ್ಯಾಂಕನ್ನು ಕೈಯಿಂದಲೇ ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಬರುವುದು ಒಂದೇ ಸುತ್ತು. ಹಾಗಾಗಿ ಪಿಸ್ಟನ್ ಎರಡು ಸಲ ತುದಿಗೇರಿದರೂ ನಮಗೆ ಬೇಕಾದದ್ದು ಗಾಳಿ ಬೆರಳನ್ನು ತಳ್ಳುವ ಕಂಪ್ರೆಷನ್ನಿನ ಸಲದ್ದು. ಅಲ್ಲಿ ಗುರುತು ಹೊಂದಿಸಿ ನಿಲ್ಲಿಸಿ, ಹಳೆಯದನ್ನು ಮೇಲಕ್ಕೆಳೆದೆ. ಅದರ ಶಾಫ್ಟಿನ ಸುತ್ತ ಇಟ್ಟಿಗೆ ಪುಡಿಯಂತಹ ಕೆಂಪು ಧೂಳು ಅಂಟಿಕೊಂಡಿತ್ತು.

ಹೊಸದರ ತಲೆಯ ಮೇಲೆ ಕೂರಿಸುವ, ಕವಚದ ಕಚ್ಚಿಗೂ ಒಳಗಿನ ರೆಕ್ಕೆಗೂ ಏಕಕಾಲಕ್ಕೆ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಅದಿದ್ದರೂ ಮೊದಲ ಸಲ ನಾನು ಸೋತೆ. ಗೇರಿನ ಹಲ್ಲುಗಳು ಓರೆಯಾಗಿರುವುದರಿಂದ ಸಿಂಕ್ರೊನೈಸರ್ ಕೆಳಗಿಳಿಯುತ್ತಾ ತಾನೇ ತಿರುಗುತ್ತದೆ. ನೇರವಾಗಿ ಇಳಿಸಿದ್ದರಿಂದ ಟೂಲಿನ ಮೇಲಿನ ಬಾಣದ ಗುರುತು ಸರಿಯಾಗಿ ಒಂದು ಹಲ್ಲಿನಷ್ಟು ಆಚೆ ಹೋಗಿ ನಿಂತಿತು. ಮತ್ತೆ ಎತ್ತಿ, ಅದು ತಿರುಗುವಷ್ಟನ್ನು ಮೊದಲೇ ಹಿಂದಕ್ಕೆ ಬಿಟ್ಟು ಇಳಿಸಿದಾಗ ಗುರುತೇನೋ ಕೂಡಿತು, ಆದರೆ ಅಡಿಯ ಆರುಮೂಲೆಯ ಪಂಪ್ ಶಾಫ್ಟ್ ಹೊಂದದೆ ಕವಚ ಅರ್ಧ ಬೆರಳಿನಷ್ಟು ಮೇಲೆಯೇ ಉಳಿಯಿತು. ಬೋಲ್ಟ್ ಬಿಗಿದು ಅದನ್ನು ಎಳೆದಿಳಿಸುವ ಆಸೆ ಬಂದದ್ದು ನಿಜ. ಹಾಗೆ ಮಾಡಿದ್ದರೆ ಕವಚವೇ ಸೀಳುತ್ತಿತ್ತು. ಪಂಪ್ ಶಾಫ್ಟನ್ನು ತುಸು ತಿರುಗಿಸಿ ಮೂರನೆಯ ಸಲ ಇಳಿಸಿದಾಗ ಅದು ಟಕ್ಕೆಂದು ಕೂತಿತು. ಬೋಲ್ಟ್ ಬಿಗಿದ ಮೇಲೆಯೇ ಟೂಲ್ ತೆಗೆದು ಸೆನ್ಸರ್ ಹಾಕಿದೆ.

ಸ್ಟಾರ್ಟ್ ಮಾಡಿದಾಗ ಜೀರುಂಡೆ ಇರಲಿಲ್ಲ. ಸ್ಕ್ಯಾನರಿನಿಂದ ಅಳಿಸಿದ ಪಿ0340 ಮರಳಿ ಬರಲಿಲ್ಲ. ಹೆಮ್ಮೆಯಿಂದ ಶಿವಮೊಗ್ಗಕ್ಕೆ ಕರೆಮಾಡಿ, ಫೋನನ್ನು ಎಂಜಿನ್ನಿನ ಬಳಿ ಹಿಡಿದೆ. ಅಪ್ಪ ಬಹಳ ಹೊತ್ತು ಆಲಿಸಿ, "ಸ್ವಲ್ಪ ಅಡ್ವಾನ್ಸ್ ಆದಂತಿದೆ ಕಣೋ, ಒಂಚೂರು ಹಿಂದಕ್ಕೆ ತಿರುಗಿಸು" ಎಂದರು.