ಯಾವ ಹಲ್ಲೂ ಬೀಳದೆ ಬಂದ ಹಲ್ಲು

ಮುಂದಿನ ಹಲ್ಲು ಬಿದ್ದರೆ ಮನೆಯಲ್ಲಿ ಗದ್ದಲವೋ ಗದ್ದಲ. ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವ ತನಕ ಸಮಾಧಾನವಿಲ್ಲ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಒಂದನ್ನೂ ಬೀಳಿಸದೆ, ಮೇಲೆರಡು ಕೆಳಗೆರಡು ದವಡೆ ಹಲ್ಲು ಬರುತ್ತವಲ್ಲ, ಅವನ್ನು ಕೇಳುವವರಿಲ್ಲ. ಮಗಳಿಗೆ ಅವು ಬಂದಾಗ ನಮ್ಮತ್ತೆ, "ಹಾಲುಹಲ್ಲು ಕಣಮ್ಮ, ಹುಳುಕಾದ್ರೂ ಬಿದ್ದುಹೋಗುತ್ತೆ" ಅಂದರು. ಅವು ಬೀಳುವ ಹಲ್ಲಲ್ಲ, ಮುದುಕಿಯಾಗುವವರೆಗೆ ಅಗಿಯಬೇಕಾದವು.

ದಂತ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ತೋರಿಸಿದರು. ಹಲ್ಲಿನ ನೆತ್ತಿಯ ತುಂಬ ಗೀರುಗಳು, ಕೆಲವಂತೂ ಬ್ರಷ್ಷಿನ ಎಳೆಗಿಂತ ಸಪೂರ. ಎಷ್ಟು ಉಜ್ಜಿದರೂ ಎಳೆ ತಳ ಮುಟ್ಟುವುದಿಲ್ಲ, ಬಿಸ್ಕತ್ತಿನ ಹಿಟ್ಟು ಮಾತ್ರ ಸಲೀಸಾಗಿ ಇಳಿಯುತ್ತದೆ. "ಹುಳುಕು ಇನ್ನೂ ಹಿಡಿದಿಲ್ಲ, ಸೀಲೆಂಟ್ ಹಾಕಿಬಿಡೋಣ, ಗೀರು ಮುಚ್ಚೋ ತೆಳು ಲೇಪ ಅಷ್ಟೆ" ಅಂದರು.

ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ. ಇದ್ದ ಕಷ್ಟವೆಲ್ಲ ಎಂಜಲಿನದೇ. ಹಲ್ಲು ಶುಚಿಮಾಡಿ, ಕೆನ್ನೆಯೊಳಗೆ ಹತ್ತಿಯ ಸುರುಳಿ ಇಟ್ಟು, ನೀಲಿ ಬಣ್ಣದ ಆ್ಯಸಿಡ್ ಜೆಲ್ ಹಚ್ಚಿದರು. ತೊಳೆದು ಗಾಳಿ ಊದಿದಾಗ ಹಲ್ಲು ಸುಣ್ಣ ಬಳಿದ ಗೋಡೆಯಂತೆ ಮಂಕು ಬಿಳುಪು. ಆ್ಯಸಿಡ್ ಹಲ್ಲಿನ ಮೇಲೆ ಎಬ್ಬಿಸಿದ ಸಣ್ಣ ತರಿಯನ್ನೇ ಸೀಲೆಂಟ್ ಕಚ್ಚಿ ಹಿಡಿಯುವುದು. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಫಾಸ್ಫಾರಿಕ್ ಆಮ್ಲವನ್ನು ಹಲ್ಲಿಗೂ ಹಚ್ಚಿ ನೋಡಿ, 1955ರಲ್ಲಿ ಅದನ್ನು ಪ್ರಕಟಿಸಿದವರು ಅಮೆರಿಕದ ದಂತವೈದ್ಯ ಮೈಕೆಲ್ ಬ್ಯುನೊಕೋರ್. ಎಂಥ ಧೈರ್ಯ ಅನ್ನಿ!

ಹಲ್ಲು ಒಣಗಿತು ಅನ್ನುವಷ್ಟರಲ್ಲಿ ನಮ್ಮ ಪುಟ್ಟಿ, "ಉಗುಳ್ಲಾ?" ಅಂತ ಬಾಯಿ ಮುಚ್ಚಿಬಿಟ್ಟಳು. ನಾಲಿಗೆ ಹಲ್ಲನ್ನು ಸವರಿಯೇ ಸವರಿತು. ಎಂಜಲು ತಾಗಿದ ಮೇಲೆ ಸೀಲೆಂಟ್ ನಿಲ್ಲುವುದಿಲ್ಲವಂತೆ, ಮತ್ತೆ ಜೆಲ್, ಮತ್ತೆ ನೀರು, ಮತ್ತೆ ಗಾಳಿ. ಡಾಕ್ಟರಮ್ಮನ ತಾಳ್ಮೆಗೆ ಕೈಮುಗಿಯಬೇಕು. ಕೊನೆಗೆ ತೆಳ್ಳಗಿನ ದ್ರವ ಗೀರುಗಳಿಗೆ ಇಳಿಯಿತು, ನೀಲಿ ಬೆಳಕು ಬಿಟ್ಟ ಕೆಲವೇ ಸೆಕೆಂಡಿಗೆ ಗಟ್ಟಿಯಾಯಿತು.

ಕೆಳಗಿನ ಒಂದು ಹಲ್ಲು ಮಾತ್ರ ಒಸಡಿನಿಂದ ಪೂರ್ತಿ ಹೊರಬಂದಿರಲಿಲ್ಲ. ಅದನ್ನು ಒಣಗಿಸಿ ಇಡುವುದೇ ಆಗಲಿಲ್ಲ. ತೇವವನ್ನು ಸ್ವಲ್ಪ ತಾಳಿಕೊಳ್ಳುವ, ಫ್ಲೋರೈಡ್ ಬಿಡುವ ಗ್ಲಾಸ್ ಅಯನೋಮರ್ ಎಂಬ ಹಲ್ಲಿನ ಸಿಮೆಂಟನ್ನು ಸದ್ಯಕ್ಕೆ ಅದಕ್ಕೆ ಮೆತ್ತಿದರು. ಅದು ಬೇಗ ಸವೆಯುತ್ತದೆ, ಹಲ್ಲು ಪೂರ್ತಿ ಮೇಲೆದ್ದ ಮೇಲೆ ಸೀಲೆಂಟ್ ಹಾಕುವುದು ಎಂದಾಯಿತು.

ಹಾಕಿದ ಸೀಲೆಂಟ್ ಎತ್ತರವಾಗಿ ಕಚ್ಚಲು ಅಡ್ಡಬರುತ್ತದೆಯೇ ಎಂದು ಬಣ್ಣದ ಕಾಗದ ಕಚ್ಚಿಸಿ ನೋಡುತ್ತಿದ್ದಾಗ ಪುಟ್ಟಿಯ ಪ್ರಶ್ನೆ: "ಚಕ್ಕುಲಿ ತಿನ್ಬೋದಾ?"

"ತಿನ್ನು. ಆದ್ರೆ ಹಲ್ಲು ಹಲ್ಲಿನ ಸಂದಿಗೆ ಇದು ಕಾವಲಿಲ್ಲ, ರಾತ್ರಿ ಬ್ರಷ್ ಮಾಡ್ದೆ ಮಲಗ್ಬೇಡ" ಅಂದ ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಆರು ತಿಂಗಳಿಗೆ ಕರ್ಕೊಂಡು ಬನ್ನಿ, ಚಕ್ಕೆ ಎದ್ದಿದ್ರೆ ಮತ್ತೆ ಹಾಕ್ತೀನಿ" ಅಂದರು.