ಎಣಿಸಲು ಕಲಿಸಿದ ಸರ್

ರಾಯಚೂರಿನ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ನಾವ್ಯಾರೂ ಜೀವಂತ ಸಾಲಮ್ಯಾಂಡರ್ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಕಪ್ಪೆಯ ಬಳಗಕ್ಕೆ ಸೇರಿದ, ಬಾಲ ಇರುವ ಈ ಪ್ರಾಣಿ ದಕ್ಷಿಣ ಭಾರತದಲ್ಲೇ ಇಲ್ಲ. ನಮಗಿದ್ದದ್ದು ಮ್ಯೂಸಿಯಂ ಕಪಾಟಿನ ಫಾರ್ಮಲಿನ್ ಬಾಟಲಿಯಲ್ಲಿ ಬಿಳಿಚಿಕೊಂಡಿದ್ದ ಒಂದೇ ಒಂದು. ಪ್ರ್ಯಾಕ್ಟಿಕಲ್ ಕ್ಲಾಸಿನಲ್ಲಿ ನಾವು ಪೆನ್ಸಿಲ್ ಹಿಡಿದ ಕೂಡಲೇ ಝೂಆಲಜಿ ಸರ್, "ಮೊದಲ ಬೆರಳ ಎಣಸ್ರಿ, ಚಿತ್ರ ಆಮ್ಯಾಲ ತೆಗೀರಿ" ಅನ್ನುತ್ತಿದ್ದರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಣಿಸುತ್ತಿದ್ದೆವು. ಮುಂಗಾಲಿಗೆ 4, ಹಿಂಗಾಲಿಗೆ 5. ಅಂದದ ಚಿತ್ರಕ್ಕಿಂತ ಸರಿಯಾದ ಎಣಿಕೆಗೇ ಅವರು ಜಾಸ್ತಿ ಮಾರ್ಕ್ಸ್ ಕೊಡುತ್ತಿದ್ದರು.

ಈಗ ನನ್ನ ಕೆಲಸವೇ ಎಣಿಕೆ. ಪೂರ್ವ ಹಿಮಾಲಯದ ಬೆಟ್ಟ ಬಿಟ್ಟು ಬೇರೆಲ್ಲೂ ಇರದ ಸಾಲಮ್ಯಾಂಡರ್ ಒಂದಕ್ಕೆ ಜೆನೆಟಿಕ್ ಮಾರ್ಕರ್, ಅಂದರೆ ಪ್ರಾಣಿಗಳ ನಡುವಿನ ವ್ಯತ್ಯಾಸ ತೋರಿಸುವ ಡಿಎನ್‌ಎ ಗುರುತು, ಹುಡುಕುವ ತಂಡದಲ್ಲಿದ್ದೇನೆ. ಡಾರ್ಜಿಲಿಂಗ್ ಕಡೆಯ ಈ ಪ್ರಾಣಿ ಬೇರೆಯದೇ ಪ್ರಭೇದ ಅಂತ ವಿಜ್ಞಾನಿಗಳು ಹೆಸರಿಟ್ಟಿದ್ದು 2015ರಲ್ಲಿ. ಡಿಎನ್‌ಎಯಲ್ಲಿ ಕೆಲವೆಡೆ ಎರಡೋ ನಾಲ್ಕೋ ಅಕ್ಷರಗಳ ತುಂಡು ಸಾಲಾಗಿ ಮತ್ತೆ ಮತ್ತೆ ಬರುತ್ತದೆ: ಜಿಎಟಿಎ, ಜಿಎಟಿಎ, ಜಿಎಟಿಎ. ಒಂದು ಪ್ರಾಣಿಯಲ್ಲಿ 9 ಸಲ ಬಂದರೆ ಇನ್ನೊಂದರಲ್ಲಿ 12 ಸಲ ಇರಬಹುದು. ಇದೇ ಮೈಕ್ರೋಸ್ಯಾಟಲೈಟ್. ಎಣಿಸಲು ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಬಾಲದ ತುದಿಯ ಚೂರು ಸಾಕು, ಅದು ಮತ್ತೆ ಬೆಳೆಯುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಸಾಲಮ್ಯಾಂಡರ್‌ಗಳ ಜೀನೋಮ್, ಅಂದರೆ ಒಟ್ಟು ಡಿಎನ್‌ಎ, ಬಲು ದೊಡ್ಡದು. ಮನುಷ್ಯನದು ಸುಮಾರು 300 ಕೋಟಿ ಅಕ್ಷರ. 2018ರಲ್ಲಿ ಪ್ರಕಟವಾದ ಮೆಕ್ಸಿಕೋದ ಆಕ್ಸೊಲಾಟಲ್ ಜೀನೋಮ್ ಸುಮಾರು 3,200 ಕೋಟಿ! ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮತ್ತೆ ಮತ್ತೆ ಬರುವ ತುಣುಕುಗಳದ್ದೇ. ಎಣಿಸಬೇಕಾದ ಜಾಗವನ್ನು ಹಿಡಿಯಲು ಪ್ರೈಮರ್ ಅನ್ನುವ ಡಿಎನ್‌ಎಯ ಚಿಕ್ಕ ತುಂಡು ಬಳಸುತ್ತೇವೆ. ಹೀಗೆ ಒಂದು ಜಾಗಕ್ಕೆ ಅಂತ ಮಾಡಿಸಿದ ಪ್ರೈಮರ್ ಹತ್ತಾರು ಕಡೆ ಅಂಟಿಕೊಳ್ಳುತ್ತದೆ. ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಚೊಕ್ಕ ಗೆರೆ ಮೂಡುವ ಬದಲು ಮಸಿ ಸವರಿದ ಹಾಗೆ ಉದ್ದಕ್ಕೂ ಹರಡಿರುತ್ತದೆ. ಬಹಳಷ್ಟು ಪ್ರೈಮರ್‌ಗಳನ್ನು ಕೈಬಿಡಬೇಕಾಗುತ್ತದೆ.

ಉಳಿದ ಕೆಲವೇ ಬೇಕಾದಷ್ಟು ಹೇಳುತ್ತವೆ. ಮಳೆ ಶುರುವಾದಾಗ ಇವು ಮೊಟ್ಟೆಯಿಡಲು ಹೊಂಡಗಳಿಗೆ ಬರುತ್ತವೆ. ಒಂದು ಹೊಂಡದ ಪ್ರಾಣಿಗಳಲ್ಲೆಲ್ಲ ಎಣಿಕೆ ಹೆಚ್ಚೂಕಡಿಮೆ ಒಂದೇ ಬಂದರೆ, ಹೊರಗಿನಿಂದ ಅಲ್ಲಿಗೆ ಯಾವುದೂ ಬರುತ್ತಿಲ್ಲ, ಅವು ತಮ್ಮತಮ್ಮಲ್ಲೇ ಕೂಡುತ್ತಿವೆ ಅಂತ ಅನುಮಾನ ಬರುತ್ತದೆ. ನಡುವಿನ ಯಾವ ಹೊಂಡವನ್ನು ಮುಚ್ಚಬಾರದು ಅಂತ ಹೇಳಲು ಆಗ ಕೈಯಲ್ಲಿ ಆಧಾರ ಇರುತ್ತದೆ. ಈ ಕೆಲಸ ನನಗೆ ಇಷ್ಟವಾಗುವುದು ಇದಕ್ಕೇ.

ನಮ್ಮ ಪಶ್ಚಿಮ ಘಟ್ಟದ ಮಣ್ಣಿನಡಿಯಲ್ಲೂ ಸಿಸಿಲಿಯನ್ ಅನ್ನುವ ಕಾಲಿಲ್ಲದ ಉಭಯಚರಗಳಿವೆ. ಅವುಗಳಲ್ಲಿ ಹಲವು ಬೇರೆಲ್ಲೂ ಇಲ್ಲ. ಅವುಗಳ ಮೇಲೆ ಕೆಲಸ ಮಾಡುವವರು ಇನ್ನೂ ಬೇಕು. ಈಗ ಬಿ.ಎಸ್ಸಿ. ಓದುತ್ತಿರುವ ಯಾರಿಗಾದರೂ ಆಸಕ್ತಿ ಇದ್ದರೆ ಕಾಲೇಜಿನ ಮೂಲಕ ನನಗೆ ಬರೆಯಿರಿ. ನಮ್ಮ ಲ್ಯಾಬಿಗೆ ಬಂದು ಕೆಲಸ ಕಲಿಯಲು ನನ್ನ ಕೈಲಾದ ಸಹಾಯ ಮಾಡುತ್ತೇನೆ.